ಜಾಕಿ ಹಲಗೆ

ಆಗೆಲ್ಲ ವಿರಾಜಪೇಟೆಯಿಂದ ನಮ್ಮ ಕಡೆಗೆ ಬರುತ್ತಿದ್ದ ಬಸ್ಸು ಟಾರು ಮುಗಿದ ಕಡೆ ತಾನೂ ನಿಂತುಬಿಡುತ್ತಿತ್ತು. ಅಲ್ಲೊಂದು ಅತ್ತಿಮರ, ಮರದ ಬುಡದಲ್ಲಿ ಬಾಳೆಹಣ್ಣು, ಬೀಡಿ ಮಾರುವ ಗೂಡಂಗಡಿ. ಅಲ್ಲಿಂದ ಮೇಲೆ ನಮ್ಮ ಎಸ್ಟೇಟಿಗೆ ಏಳು ಮೈಲಿ. ರಸ್ತೆ ಎಂದು ಕರೆದರೆ ರಸ್ತೆಗೇ ಅವಮಾನ. ಎರಡು ಚಕ್ರ ಹೋಗಿ ಹೋಗಿ ಬಿದ್ದ ಎರಡು ಕಾಲುವೆ, ನಡುವೆ ಹುಲ್ಲಿನ ದಿಬ್ಬ, ಒಂದು ಕಡೆ ಕಾಡು, ಇನ್ನೊಂದು ಕಡೆ ಕೊಲ್ಲಿ. ಆ ಏಳು ಮೈಲಿಗೆ ಇದ್ದದ್ದು ಒಂದೇ ಜೀಪು, ಆ ಜೀಪಿಗೆ ಒಬ್ಬನೇ ಡ್ರೈವರ್. ಅವರು ನಮ್ಮಪ್ಪ.

ಅಪ್ಪನ ಹೆಸರು ಶಿವಣ್ಣ. ಸೋಮವಾರಪೇಟೆ ಕಡೆಯಿಂದ ಕೆಲಸಕ್ಕೆ ಬಂದು ತೆಂಕಣ ಕೊಡಗಿನಲ್ಲಿ ನಿಂತುಬಿಟ್ಟವರು. ಮದುವೆಯಾಗಿ ಅಮ್ಮನನ್ನು ಕರೆತಂದ ಮೇಲೂ, ನಾನು ಹುಟ್ಟಿ ಬೆಳೆದ ಮೇಲೂ ಅವರ ಮಾತು ಮಾತ್ರ ಸೋಮವಾರಪೇಟೆಯದೇ. ಎಸ್ಟೇಟಿನಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ. ತೋಟದ ಒಡೆಯರಾದ ಸಾವ್ಕಾರ್ರ ಮನೆಯಲ್ಲಿ ಕೊಡವ ತಕ್ಕ್, ಕೂಲಿಯವರ ಲೈನಿನಲ್ಲಿ ತಮಿಳು, ಮಲಯಾಳ. ಎಲ್ಲರೂ ಅಪ್ಪನ ಹತ್ತಿರ ಬಂದಾಗ ತಮ್ಮ ತಮ್ಮ ಕನ್ನಡ ಆಡುತ್ತಿದ್ದರು. ಯಾಕೆಂದರೆ ಜ್ವರ ಬಂದರೆ, ಅಕ್ಕಿ ಮುಗಿದರೆ, ಊರಿಂದ ಕಾಗದ ಬಂದರೆ, ಎಲ್ಲದಕ್ಕೂ ಬೇಕಾದದ್ದು ಆ ಜೀಪು.

ಜೀಪಿನ ಹಿಂದೆ, ಸೀಟಿನಡಿ, ಹಸಿರು ಬಣ್ಣದ ಒಂದು ತಗಡಿನ ಪೆಟ್ಟಿಗೆ ಇತ್ತು. ಪಟ್ಟಾಳದಿಂದ, ಅಂದರೆ ಮಿಲಿಟರಿಯಿಂದ, ರಿಟೈರಾಗಿ ಬಂದ ಯಾರೋ ಕೊಟ್ಟದ್ದು. ಒಂದು ಕಾಲಕ್ಕೆ ಅದರಲ್ಲಿ ಗುಂಡು ತುಂಬುತ್ತಿದ್ದರಂತೆ. ಅಪ್ಪ ಅದರಲ್ಲಿ ಪ್ರಾಣ ತುಂಬಿಟ್ಟಿದ್ದರು ಎಂದೇ ನಾನು ತಿಳಿದಿದ್ದೆ. ಜಾಕಿ, ಜಾಕಿಯ ಸಲಾಕೆ, ಚಕ್ರ ಬಿಚ್ಚುವ ಪಾನ, ಸಣ್ಣ ದೊಡ್ಡ ಪಾನಗಳ ಸುರುಳಿ, ಒಂದು ಹೊಸ ಫ್ಯಾನ್ ಬೆಲ್ಟು, ಒಂದು ಹಳೆಯ ಫ್ಯಾನ್ ಬೆಲ್ಟು, ಕಮಾನ್ ಪಟ್ಟೆಯ ಸೆಂಟರ್ ಬೋಲ್ಟು, ಫ್ಯೂಸು, ಬಲ್ಬು, ಸೈಕಲ್ ಟ್ಯೂಬು ಸೀಳಿ ಮಾಡಿದ ಪಟ್ಟಿಗಳು, ಕಟ್ಟುವ ತಂತಿ. ಜೊತೆಗೊಂದು ಅರ್ಧ ಬಾರ್ ಸೋಪು. ಈ ಸೋಪು ಕೈ ತೊಳೆಯುವುದಕ್ಕಲ್ಲ. ಕಲ್ಲಿಗೆ ಬಡಿದು ಡೀಸೆಲ್ ಟ್ಯಾಂಕು ತೂತಾದರೆ ಸೋಪು ಮೆತ್ತಿದರೆ ಸೋರುವುದು ನಿಲ್ಲುತ್ತದೆ. ಒಮ್ಮೆ ಅಮ್ಮ ಬಟ್ಟೆ ಒಗೆಯಲು ಆ ಸೋಪು ತೆಗೆದಿದ್ದಕ್ಕೆ ಅಪ್ಪ ಎರಡು ದಿನ ಮಾತು ಬಿಟ್ಟಿದ್ದರು. "ಹೆಂಡ್ತಿಗಿಂತ ಗಾಡಿ ಸೋಪು ದೊಡ್ಡದಾಯ್ತು," ಎಂದು ಅಮ್ಮ ಲೈನಿಗೆಲ್ಲ ಹೇಳಿಕೊಂಡು ನಕ್ಕಿದ್ದಳು. ಗುದ್ದಲಿ, ಕತ್ತಿ, ಹಗ್ಗ, ಒಂದು ಕ್ಯಾನು ನೀರು ಪೆಟ್ಟಿಗೆಯ ಪಕ್ಕದಲ್ಲಿ. ಹಾಗೆಯೇ ಅವುಗಳ ಪಕ್ಕಕ್ಕೆ ಆನಿಸಿ ಒಂದು ಹಲಗೆ.

ಈ ಹಲಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಮಳೆ ಮಣ್ಣಿನ ಮೇಲೆ ಜಾಕಿ ಇಟ್ಟು ತಿರುಗಿಸಿದರೆ ಗಾಡಿ ಮೇಲೇಳುವುದಿಲ್ಲ, ಜಾಕಿಯೇ ಕೆಳಗಿಳಿಯುತ್ತದೆ. ಅದಕ್ಕೆ ಜಾಕಿಯ ಅಡಿ ಅಗಲವಾದ ಹಲಗೆ ಬೇಕು. ಸಾವ್ಕಾರ್ರ ಮನೆಯ ಹಳೆಯ ಬಾಗಿಲು ಬಿಚ್ಚಿದಾಗ ಸಿಕ್ಕ ಬೀಟೆ ಮರದ ತುಂಡನ್ನು ಅಪ್ಪ ಕೇಳಿ ತಂದು ಕುಯ್ದಿದ್ದರು. ಎರಡು ಗೇಣು ಉದ್ದ, ಒಂದೂವರೆ ಗೇಣು ಅಗಲ, ಹೆಬ್ಬೆರಳಿಗಿಂತ ದಪ್ಪ. ಜಾಕಿ ಕೂತು ಕೂತು ಅದರ ನಡುವೆ ಚಟ್ಟಂಬಡೆಯಷ್ಟು ದೊಡ್ಡ ಕುಳಿ ಬಿದ್ದಿತ್ತು. ಗ್ರೀಸು, ಮಣ್ಣು, ಡೀಸೆಲ್ ಕುಡಿದು ಹೊಳೆಯುತ್ತಿತ್ತು.

ಎಸ್ಟೇಟಿನಲ್ಲಿ ದಿನಾ ಬೆಳಿಗ್ಗೆ, ಲೆಕ್ಕ ಬರೆಯುವ ರೈಟರ್ ಬೋಪಣ್ಣನವರು ಹಾಜರಿ ಕೂಗುತ್ತಿದ್ದರು. ಹೆಸರು ಕೂಗಿದವರು ಓ ಎನ್ನಬೇಕು. ಅಪ್ಪ ಅದನ್ನು ನೋಡಿಯೇ ತಮ್ಮ ಪೆಟ್ಟಿಗೆಗೂ ಹಾಜರಿ ಇಟ್ಟಿದ್ದರು. ಗುಡ್ಡ ಇಳಿಯುವ ಮುಂಚೆ ಅವರು ಕೆಸರಿನಲ್ಲಿ ಜಾರದ ಹಾಗೆ ಚಕ್ರಕ್ಕೆ ಸರಪಳಿ ಬಿಗಿಯುತ್ತಲೋ ಎಣ್ಣೆ ನೋಡುತ್ತಲೋ ಒಂದೊಂದೇ ಹೆಸರು ಕೂಗುತ್ತಿದ್ದರು. ಪೆಟ್ಟಿಗೆಯ ಮುಂದೆ ಕೂತ ನಾನು ಉತ್ತರ ಕೊಡಬೇಕು.

"ಜಾಕಿ?"

"ಐತೆ."

"ಚಕ್ರದ ಪಾನ?"

"ಐತೆ."

"ನೋಡಿ ಹೇಳ್ಬ್ಯಾಡ ಪುಟ್ಟಿ, ಮುಟ್ಟಿ ಹೇಳು. ದಾರೀಲಿ ನಿಂತ್ರೆ ನಮ್ಗೆ ಯಾರೂ ಇಲ್ಲ, ಈ ಪೆಟ್ಟಿಗೇನೇ ನೆಂಟ."

ಮೂರನೇ ಕ್ಲಾಸಿನಿಂದ ಆ ಕೆಲಸ ನನ್ನದು. ಶಾಲೆಯಲ್ಲಿ ಮಗ್ಗಿ ಬಾರದೆ ಬೆಂಚಿನ ಮೇಲೆ ನಿಲ್ಲುತ್ತಿದ್ದ ನನಗೆ ಇಲ್ಲಿ ಎಷ್ಟು ಜಂಬವಿತ್ತು ಅಂದರೆ, ನಾನು ಐತೆ ಎನ್ನದಿದ್ದರೆ ಜೀಪು ಹೊರಡುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅದು ನಿಜವೂ ಆಗಿತ್ತು. ಅಪ್ಪ ಒಂದು ದಿನವೂ ನನ್ನ ಹಿಂದೆ ಬಂದು ಪೆಟ್ಟಿಗೆ ತೆಗೆದು ನೋಡಿದವರಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗಿನ ದಸರಾ ರಜೆ. ಆ ವರ್ಷ ಮಳೆ ಬಿಟ್ಟೂ ಬಿಡದ ಹಾಗೆ ಕಾಡುತ್ತಿತ್ತು. ಸಾವ್ಕಾರ್ರ ಮನೆಯಲ್ಲಿ ಕೈಲ್ ಮುಹೂರ್ತದಂದು ಕೋವಿಗೆ ಪೂಜೆಯಾದರೆ, ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಪಾನಕ್ಕೆ ಪೂಜೆ. ಹಿಂದಿನ ದಿನವೇ ಪೆಟ್ಟಿಗೆ ಬರಿದು ಮಾಡಿ, ಒಂದೊಂದು ಸಾಮಾನನ್ನೂ ಸೀಮೆಎಣ್ಣೆಯಲ್ಲಿ ತಿಕ್ಕಿ, ಶೆಡ್ಡಿನ ನೆಲದಲ್ಲಿ ಗೋಣಿತಾಟು ಹಾಸಿ ಸಾಲಾಗಿ ಜೋಡಿಸುವುದು. ಬೆಳಿಗ್ಗೆ ಜೀಪು ತೊಳೆದು, ಚೆಂಡುಹೂವಿನ ಹಾರ ಹಾಕಿ, ಸಾಮಾನಿಗೆಲ್ಲ ವಿಭೂತಿ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದರೆ ಮುಗಿಯಿತು. ಮಾರನೆಯ ದಿನದವರೆಗೆ ಒಂದನ್ನೂ ಮುಟ್ಟುವಂತಿಲ್ಲ. ಆ ದಿನ ಅವಕ್ಕೂ ರಜೆ ಎನ್ನುತ್ತಿದ್ದರು ಅಪ್ಪ. ಸೀಮೆಎಣ್ಣೆ, ಊದುಬತ್ತಿ, ಒಡೆದ ಕುಂಬಳಕಾಯಿ, ಅಮ್ಮ ಒಲೆಯ ಮೇಲಿಟ್ಟ ಕಡುಬಿನ ಹಬೆ, ಇಷ್ಟೂ ಸೇರಿದ ಒಂದು ವಾಸನೆ ನನ್ನ ಪಾಲಿಗೆ ಇವತ್ತಿಗೂ ಆಯುಧಪೂಜೆ.

ಕಳ್ಳೆಪುರಿ, ಬೆಲ್ಲ ಲಂಗದ ಮಡಿಲಿಗೆ ತುಂಬಿಕೊಂಡು ನಾನು ಸೆಲ್ವಿಯನ್ನು ಹುಡುಕಿಕೊಂಡು ಹೋದೆ. ಸೆಲ್ವಿ ಲೈನಿನವಳು, ನನ್ನ ಕ್ಲಾಸಿನವಳು. ಅವಳು ಆಗಲೇ ತೋಟದ ಕೆಳಗಿನ ಹಲಸಿನ ಮರಕ್ಕೆ ತೆಂಗಿನ ನಾರಿನ ಹಗ್ಗ ಇಳಿಬಿಟ್ಟಿದ್ದಳು. ಬರೀ ಹಗ್ಗದ ಮೇಲೆ ಕೂತು ಜೀಕಿ ಜೀಕಿ ಇಬ್ಬರಿಗೂ ತೊಡೆ ಉರಿಯತೊಡಗಿತು.

"ಪಲಗೆ ಇದ್ರೆ ತಾನೇ ಗಿರಿಜಾ ಅದು ಊಂಜಲ್ ಆಗೋದು," ಎಂದಳು ಸೆಲ್ವಿ.

ಹಲಗೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅಪ್ಪ ಉಂಡು ಮಲಗಿದ್ದರು. ಶೆಡ್ಡಿಗೆ ಹೋಗಿ, ಕುಂಕುಮ ಇಟ್ಟ ಸಾಮಾನಿನ ಸಾಲಿನಿಂದ ಹಲಗೆಯನ್ನಷ್ಟೇ ಎತ್ತಿಕೊಂಡೆ. ಮುಟ್ಟಬಾರದ ದಿನ ಮುಟ್ಟುತ್ತಿದ್ದೇನೆ ಎಂದು ಗೊತ್ತಿತ್ತು. ಆದರೆ ಸಂಜೆಯೊಳಗೆ ತಂದಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಹಲಗೆಯ ಎರಡು ತುದಿಗೂ ಹಗ್ಗ ಸುತ್ತಿ ಸೆಲ್ವಿ ಗಂಟು ಹಾಕಿದಳು. ಜಾಕಿಯ ಕುಳಿ ಸರಿಯಾಗಿ ಕೂರುವ ಕಡೆ ಬಂದಿತ್ತು. ಅಂಥ ಉಯ್ಯಾಲೆ ನಾನು ಮತ್ತೆ ಆಡಿಲ್ಲ. ಜೀಕಿದರೆ ಕಾಫಿ ಗಿಡಗಳ ತಲೆಯ ಮೇಲೆ ಕಾಲು ಹೋಗುತ್ತಿತ್ತು.

ಮನೆಗೆ ಓಡಿ ಬರುವ ಹೊತ್ತಿಗೆ ಸಂಜೆ. ಹಲಗೆ ಮರದಲ್ಲೇ ಇತ್ತು. ಇನ್ನೊಂದು ಸಲ, ಇನ್ನೊಂದು ಸಲ ಎನ್ನುತ್ತ ಬಿಚ್ಚುವುದು ಉಳಿದುಹೋಗಿತ್ತು. ನಾಳೆ ಬೆಳಿಗ್ಗೆ ಎದ್ದು ತಂದರಾಯಿತು ಎಂದುಕೊಂಡು ಬಂದರೆ ಶೆಡ್ಡಿನ ಮುಂದೆ ಬೋಪಣ್ಣನವರು ನಿಂತಿದ್ದಾರೆ.

"ಎಂತ ಮಾಡುದು ಶಿವಣ್ಣ, ಲೈನಲ್ಲಿ ಅಕ್ಕಿ ಖಾಲಿ. ನಾಳೆ ಬೆಳಿಗ್ಗೆಯೇ ಗೋಣಿಕೊಪ್ಪಕ್ಕೆ ಹೋಗ್ಬೇಕಲ್ಲ."

"ಆಯ್ತು ಬಿಡಿ ಸಾ. ಮೋಡ ನೋಡಿದ್ರೆ ಸರಪಳಿ ಈಗ್ಲೇ ಬಿಗ್ದಿಡೋದು ಒಳ್ಳೇದು. ಪುಟ್ಟಿ, ಬಾ. ದೇವ್ರಿಗೆ ಕೈ ಮುಗ್ದು ಸಾಮಾನು ತುಂಬು."

ಅಪ್ಪ ಹಿಂದಿನ ಚಕ್ರದ ಪಕ್ಕ ಕೂತು ಸರಪಳಿಯ ಕೊಂಡಿ ಎಳೆಯುತ್ತಿದ್ದರು. ನನ್ನ ಕಡೆಗೆ ಅವರ ಬೆನ್ನು. ಹಾಜರಿ ಶುರುವಾಯಿತು. ಜಾಕಿ, ಐತೆ. ಸಲಾಕೆ, ಐತೆ. ಬೆಲ್ಟು, ಸೋಪು, ತಂತಿ. ಒಂದೊಂದನ್ನೂ ಮುಟ್ಟಿ, ಕುಂಕುಮ ಕೈಗೆ ಅಂಟಿಸಿಕೊಂಡು ಪೆಟ್ಟಿಗೆಗೆ ಇಡುತ್ತ ಬಂದೆ. ಕೊನೆಗೆ ಬಂತು.

"ಹಲಗೆ?"

ಪಕ್ಕದಲ್ಲಿ ಬೋಪಣ್ಣನವರು ನಿಂತಿದ್ದರು. ಪೂಜೆಗಿಟ್ಟ ಸಾಮಾನನ್ನು ಉಯ್ಯಾಲೆಗೆ ಕಟ್ಟಿದೆ ಎಂದು ಅವರ ಮುಂದೆ ಹೇಗೆ ಹೇಳುವುದು? ಅಪ್ಪನ ಮುಖ ಹೋಗುತ್ತದೆ, ಹಾಜರಿ ಕೂಗುವ ನನ್ನ ಪಟ್ಟವೂ ಹೋಗುತ್ತದೆ. ಅಷ್ಟೆಲ್ಲ ಆ ಕ್ಷಣಕ್ಕೆ ಯೋಚಿಸಿದೆನೋ, ಆಮೇಲೆ ನಾನೇ ಜೋಡಿಸಿಕೊಂಡದ್ದೋ ಗೊತ್ತಿಲ್ಲ. ಬಾಯಿ ಮಾತ್ರ ಅದಾಗಿಯೇ ಹೇಳಿತು.

"ಐತೆ."

ಬೆಳಿಗ್ಗೆ ಬೇಗ ಎದ್ದು ಹಲಸಿನ ಮರಕ್ಕೆ ಓಡಿದೆ. ರಾತ್ರಿ ಮಳೆ ಬಿದ್ದು ನಾರಿನ ಹಗ್ಗ ನೆನೆದು, ಸೆಲ್ವಿಯ ಗಂಟು ಬಿಗಿದು ಕಲ್ಲಾಗಿತ್ತು. ಉಗುರು ಹಾಕಿದೆ, ಹಲ್ಲು ಹಾಕಿದೆ. ಮೇಲಿನಿಂದ ಜೀಪಿನ ಹಾರನ್ ಕೇಳಿಸಿತು. ಹಬ್ಬದ ಮಾರನೆಯ ದಿನ ನನ್ನನ್ನು ಪೇಟೆಗೆ ಕರೆದೊಯ್ದು ಬಳೆ ಕೊಡಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದರು. ಬರುವುದಿಲ್ಲ ಎನ್ನಲು ಕಾರಣವಿರಲಿಲ್ಲ. ಹೋದೆ. ಒಂದು ದಿನಕ್ಕೆ ಏನಾಗುತ್ತದೆ, ಹೋದ ತಿಂಗಳೆಲ್ಲ ಒಂದು ಪಂಕ್ಚರ್ ಆಗಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಹೋಗುವಾಗ ಏನೂ ಆಗಲಿಲ್ಲ. ಗೋಣಿಕೊಪ್ಪದಲ್ಲಿ ಅಪ್ಪ ಹಸಿರು ಗಾಜಿನ ಬಳೆ ಕೊಡಿಸಿದರು. ಹೋಟೆಲಿನಲ್ಲಿ ಪರೋಟ ತಿಂದೆವು. ಅಕ್ಕಿ ಮೂಟೆ, ಉಪ್ಪು, ಒಣಮೀನು ಹೇರಿಕೊಂಡು ಬೋಪಣ್ಣನವರು, ಅಪ್ಪ, ನಾನು ಮಧ್ಯಾಹ್ನ ವಾಪಸು ಹೊರಟೆವು. ಅತ್ತಿಮರ ದಾಟಿ ಮೂರು ಮೈಲಿ ಹತ್ತಿದ್ದೆವು. ಆನೆಕಲ್ಲಿನ ತಿರುವು ಎಂದು ಕರೆಯುವ ಕಡೆ ಜೀಪಿನ ಮುಂದಿನ ಎಡಚಕ್ರ ಉಸ್ಸೆಂದಿತು.

ಅಪ್ಪ ಗಾಬರಿಯಾಗಲಿಲ್ಲ. ಇಳಿದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬೋಪಣ್ಣನವರನ್ನು ಸೇರಿಸಿಕೊಂಡು ಮೂಟೆಗಳನ್ನು ಇಳಿಸಿದರು. ಪೆಟ್ಟಿಗೆ ತೆಗೆದು ಜಾಕಿ, ಪಾನ ಹೊರಗಿಟ್ಟರು. ಆಮೇಲೆ ಹಲಗೆಗೆಂದು ಕೈ ಚಾಚಿದರು. ಕೈ ಗುದ್ದಲಿಗೆ ತಾಗಿತು, ಕ್ಯಾನಿಗೆ ತಾಗಿತು. ಸೀಟಿನಡಿ ಬಗ್ಗಿ ನೋಡಿದರು. ಮತ್ತೊಂದು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಇವತ್ತಿಗೂ ತಡೆಯಲಾಗದ್ದು.

"ಹಲಗೆ ಐತೆ ಅಂದಿದ್ದಲ್ಲ ಪುಟ್ಟಿ?"

ಹೇಳಬಹುದಿತ್ತು. ಆಗಲೂ ಹೇಳಬಹುದಿತ್ತು. ಹೇಳಿದ್ದರೆ ಅಪ್ಪ ಕಾಡಿಗೆ ನುಗ್ಗಿ ಒಂದು ಮರ ಕಡಿದು, ಸೀಳಿ, ಅರ್ಧ ಗಂಟೆ ತಡವಾದರೂ ಸರಿಯಾದ ಅಡಿ ಹಲಗೆ ಮಾಡಿಕೊಳ್ಳುತ್ತಿದ್ದರೋ ಏನೋ. ನನ್ನ ಕೈಯ ಹೊಸ ಬಳೆಗಳನ್ನು ನೋಡುತ್ತ ನಾನು ಹೇಳಿದೆ, "ಇತ್ತಪ್ಪ. ಮುಟ್ಟಿ ಹೇಳಿದ್ದೆ."

"ನೀ ಮುಟ್ಟಿ ಹೇಳಿದ್ಮೇಲೆ ಇದ್ದೇ ಇತ್ತು," ಎಂದರು ಅಪ್ಪ. ಹಣೆ ಉಜ್ಜಿಕೊಂಡರು. "ನಾನೇ ಆಮೇಲೆ ಎಲ್ಲೋ ತೆಗ್ದಿಟ್ಟಿವ್ನಿ. ಎಲ್ಲಿ ಇಟ್ಟೆ?"

ಮಳೆ ಹನಿಯತೊಡಗಿತು. ಕೆಳಗಿಳಿಸಿದ ಅಕ್ಕಿ ನೆನೆಯುತ್ತದೆ ಎಂದು ಬೋಪಣ್ಣನವರಿಗೆ ಆತಂಕ. "ಒಂದು ಚಪ್ಪಟೆ ಕಲ್ಲು ಇಟ್ಟು ಮಾಡಿ ಮಾರಾಯ್ರೆ, ಎಷ್ಟೊತ್ತು ಹುಡುಕುದು," ಎಂದರು. ಅಪ್ಪ ಬೇರೆ ದಿನವಾಗಿದ್ದರೆ ಕಲ್ಲಿನ ಮೇಲೆ ಜಾಕಿ ಇಡುತ್ತಿರಲಿಲ್ಲ. ಕಲ್ಲು ಮಣ್ಣಿನಲ್ಲಿ ಜಾರುತ್ತದೆ ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ಆದರೆ ಅವತ್ತು ಅವರ ಗಮನ ಅರ್ಧ ಅಲ್ಲಿರಲಿಲ್ಲ, ಹಲಗೆ ಹುಡುಕುತ್ತಿತ್ತು. ಕಲ್ಲು ತಂದು ಇಟ್ಟರು, ಜಾಕಿ ಏರಿಸಿದರು, ಜೀಪು ಎದ್ದಿತು. ಜಾಕಿ ಬಿದ್ದರೂ ಗಾಡಿ ನೆಲಕ್ಕೆ ಬಡಿಯದ ಹಾಗೆ ಸ್ಟೆಪ್ನಿ ಚಕ್ರವನ್ನು ಅಡಿಗೆ ತಳ್ಳಿ ಇಡುವುದು ಅವರ ಪದ್ಧತಿ. ಅದನ್ನೂ ಮಾಡಿದರು. ಪಂಕ್ಚರಾದ ಚಕ್ರ ಬಿಚ್ಚಿ ಪಕ್ಕಕ್ಕಿಟ್ಟು, ಸ್ಟೆಪ್ನಿಯನ್ನು ಅಡಿಯಿಂದ ಎಳೆದುಕೊಂಡು ಎತ್ತಿ ಬೋಲ್ಟಿಗೆ ಕೂರಿಸಲು ಹೋದರು. ಜಾಕಿ ಬಿಟ್ಟರೆ ಗಾಡಿಯ ಅಡಿಯಲ್ಲಿ ಏನೂ ಇಲ್ಲದಿದ್ದದ್ದು ಆ ಒಂದು ಗಳಿಗೆ ಮಾತ್ರ. ಆಗಲೇ ಕಲ್ಲು ಜಾರಿತು.

ಸದ್ದು ದೊಡ್ಡದೇನಲ್ಲ. ಅಪ್ಪ ಕೂಗಲೂ ಇಲ್ಲ. ಅವರ ಬಲಗೈ ಚಕ್ರ ಮತ್ತು ನೆಲದ ನಡುವೆ ಇತ್ತು. ಬೋಪಣ್ಣನವರು "ಅಯ್ಯೋ ದೇವಾ" ಎಂದು ಗುದ್ದಲಿಯ ಕಾವು ತೂರಿಸಿ ಮೇಲಕ್ಕೆ ಮೀಟಿದರು. ನಾನೂ ಕಾವಿಗೆ ಜೋತುಬಿದ್ದೆ. ಕೈ ಹೊರಬಂದಾಗ ನೋಡಲಾರದೆ ಕಣ್ಣು ಮುಚ್ಚಿದೆ. ಬೋಪಣ್ಣನವರಿಗೆ ಗಾಡಿ ಓಡಿಸಲು ಬಾರದು. ತಮ್ಮ ಟವಲ್ಲನ್ನು ಅಪ್ಪನ ಕೈಗೆ ಸುತ್ತಿ, ನನ್ನನ್ನು ಅಪ್ಪನ ಪಕ್ಕ ಕೂರಿಸಿ, ಗೂಡಂಗಡಿಯವರೆಗೂ ಓಡಿದರು. ಅಲ್ಲಿಂದ ಪೇಟೆಗೆ ಹೇಳಿಕಳಿಸಿ ಬೇರೊಂದು ಜೀಪು ಬರಲು ಗಂಟೆಗಟ್ಟಲೆ ಹಿಡಿಯಿತು.

ಆ ಹೊತ್ತೆಲ್ಲ ಅಪ್ಪ ರಸ್ತೆಯ ದಂಡೆಗೆ ಒರಗಿ ಕೂತಿದ್ದರು. ಟವಲ್ಲು ಕೆಂಪಾಗುತ್ತ ಬಂತು. ಮಧ್ಯೆ ಮಧ್ಯೆ ನನ್ನನ್ನು ಕೇಳುತ್ತಿದ್ದರು.

"ಹಬ್ಬದ ಹಿಂದಿನ ದಿನ ತೊಳ್ದಿದ್ದು ನೆಪ್ಪೈತೆ. ಪೂಜೆಗೆ ಇಟ್ಟಿದ್ದು ನೆಪ್ಪೈತೆ. ನೀ ತುಂಬಿದ್ಮೇಲೆ ಎಲ್ಲಿ ತೆಗ್ದೆ ಪುಟ್ಟಿ ನಾನು? ದನದ ಕೊಟ್ಟಿಗೆ ಬಾಗ್ಲಿಗೆ ಕೊಟ್ನಾ?"

"ಗೊತ್ತಿಲ್ಲಪ್ಪ," ಎಂದೆ. ಅಳುತ್ತಿದ್ದೆ. ರಕ್ತ ನೋಡಿ ಹೆದರಿದ್ದಾಳೆ ಎಂದು ಅವರು ಎಡಗೈಯಿಂದ ನನ್ನ ತಲೆ ನೇವರಿಸಿದರು.

ಆಸ್ಪತ್ರೆಯಲ್ಲಿ ನಡುಬೆರಳು, ಉಂಗುರದ ಬೆರಳು ತೆಗೆದರು. ಹತ್ತು ದಿನದ ಮೇಲೆ ಅಪ್ಪ ಮನೆಗೆ ಬಂದರು. ಅಷ್ಟರೊಳಗೆ ನಾನು ಸೆಲ್ವಿಯ ಮನೆಯ ಕತ್ತಿಯಿಂದ ಹಗ್ಗ ಕುಯ್ದು ಹಲಗೆ ಇಳಿಸಿಕೊಂಡಿದ್ದೆ. ಶೆಡ್ಡಿನಲ್ಲಿಟ್ಟರೆ ಎಲ್ಲಿತ್ತು ಎಂದು ಕೇಳುತ್ತಾರೆ. ತೋಟದಲ್ಲಿ ಎಸೆದರೆ ಯಾರಿಗಾದರೂ ಸಿಗುತ್ತದೆ. ಅಮ್ಮ ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದಾಗ ಸೌದೆಯ ರಾಶಿಯ ಹಿಂದೆ ಬಚ್ಚಿಟ್ಟೆ. ಅಪ್ಪ ಬರುವ ದಿನ ಬೆಳಿಗ್ಗೆ ಬಚ್ಚಲ ಒಲೆಗೆ ತೂರಿಸಿ ಬೆಂಕಿ ಹೆಚ್ಚಿಸಿದೆ. ಬೀಟೆ ಬೇಗ ಹತ್ತುವುದಿಲ್ಲ, ಹತ್ತಿದರೆ ಆರುವುದಿಲ್ಲ. ಗ್ರೀಸು ಚಟಪಟ ಎಂದಿತು. ಕುಳಿ ಬಿದ್ದ ನಡುಭಾಗ ಎಲ್ಲಕ್ಕಿಂತ ಕೊನೆಗೆ ಸುಟ್ಟುಹೋಯಿತು.

ಅಮ್ಮ ಅಪ್ಪನ ಕೈಗೆ ಪ್ಲಾಸ್ಟಿಕ್ ಕಟ್ಟಿ ಸ್ನಾನ ಮಾಡಿಸಿದಳು. ಒಳಗಿನಿಂದ ಅಪ್ಪನ ದನಿ ಕೇಳಿಸಿತು.

"ಎಷ್ಟ್ ದಿನ ಆಗಿತ್ತು ಹಿಂಗೆ ಮಿಂದು. ಇವತ್ತು ನೀರು ಚೆನ್ನಾಗಿ ಕಾದೈತೆ ಕಣೇ."

ನಾನು ಹೊರಗೆ ಒಲೆಯ ಮುಂದೆ ಕೂತಿದ್ದೆ. ಹತ್ತು ವರ್ಷದ ಹುಡುಗಿಗೆ ಸಾಯಬೇಕು ಅನ್ನಿಸಬಹುದು ಎಂದರೆ ಕೇಳಿದವರು ನಗುತ್ತಾರೆ. ಅನ್ನಿಸಿತ್ತು.

ಎರಡು ಬೆರಳಿಲ್ಲದಿದ್ದರೂ ಸ್ಟೇರಿಂಗ್ ಹಿಡಿಯಬಹುದು. ಸಾವ್ಕಾರ್ರು ಮನೆಗೇ ಬಂದು, "ಕೈ ವಾಸಿಯಾಗ್ಲಿ ಶಿವಣ್ಣ, ಜೀಪು ಅಲ್ಲಿವರೆಗೆ ನಿಂತಿರ್ಲಿ," ಎಂದರು. ಕೀ ವಾಪಸು ಕೊಟ್ಟವರು ಅಪ್ಪನೇ. ಬಾಗಿಲ ಸಂದಿನಲ್ಲಿ ನಿಂತು ಕೇಳಿಸಿಕೊಂಡ ಮಾತು ನನಗೆ ಪೂರಾ ನೆನಪಿದೆ.

"ಬೆರಳಿಗಲ್ಲ ಸಾ. ನನ್ಗೆ ಮರ್ತೋಗ್ತೈತೆ. ತೆಗ್ದಿದ್ದೂ ನೆಪ್ಪಿಲ್ಲ, ಇಟ್ಟಿದ್ದೂ ನೆಪ್ಪಿಲ್ಲ. ಇವತ್ತು ಹಲಗೆ ಮರ್ತಿವ್ನಿ, ನಾಳೆ ಬ್ರೇಕೆಣ್ಣೆ ಮರೀತೀನಿ. ಗಾಡೀಲಿ ಹೆಂಗಸ್ರು ಮಕ್ಳು ಕೂರ್ತಾರೆ."

ಅವತ್ತಿನಿಂದ ಅಪ್ಪ ಕಾಫಿ ಕಣದ ಕಾವಲು ಹಿಡಿದರು. ಹೊಸ ಡ್ರೈವರ್ ಬಂದ. ಪೆಟ್ಟಿಗೆಯೊಳಗೆ ಪಾನ, ಸೋಪು, ಬೀಡಿಕಟ್ಟು ಎಲ್ಲ ಒಟ್ಟಿಗೆ ಕಲಸಿಕೊಂಡವು. ಅವನು ಹಾಜರಿ ಕೂಗಲಿಲ್ಲ. ಕೂಗಿದ್ದರೂ ನಾನು ಹೋಗುತ್ತಿರಲಿಲ್ಲ.

ಹಾಜರಿ ಬೇರೆ ರೂಪದಲ್ಲಿ ಮನೆಗೆ ಬಂತು. ಬೀಗ ಹಾಕಿ ಹೊರಟ ಅಪ್ಪ ಬೇಲಿಯವರೆಗೆ ಹೋಗಿ ಹಿಂದೆ ಬಂದು ಬೀಗ ಎಳೆದು ನೋಡತೊಡಗಿದರು. ಮೊದಲು ಒಂದು ಸಲ, ವರ್ಷ ಕಳೆದಂತೆ ಮೂರು, ನಾಲ್ಕು. ಒಲೆ ಆರಿದೆಯಾ, ನಲ್ಲಿ ನಿಲ್ಲಿಸಿದೆಯಾ, ದನ ಕಟ್ಟಿದೆಯಾ. ಅವರ ಈ ತಿರುಗಾಟಕ್ಕೆ ನಾವು ಬಸ್ಸು ತಪ್ಪಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅಮ್ಮ ಮೊದಲು ನಕ್ಕಳು, ಆಮೇಲೆ ರೇಗಿದಳು, ಕೊನೆಗೆ ಸುಮ್ಮನಾದಳು. ನನ್ನ ಮದುವೆಯ ದಿನ ಅಪ್ಪ ತಾಳಿಯ ಡಬ್ಬಿಯನ್ನು ಐದು ಸಲ ತೆಗೆದು ನೋಡಿದರು. ನೆಂಟರೆಲ್ಲ ನಕ್ಕರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ತವರು ಬಿಟ್ಟು ಹೋಗುವ ದುಃಖ ಎಂದು ಎಲ್ಲರೂ ಸಮಾಧಾನ ಮಾಡಿದರು.

ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಮೊದಲು ಹೊಡೆತಕ್ಕೆ ಹೆದರಿದೆ. ಅಪ್ಪ ನನ್ನನ್ನು ಯಾವತ್ತೂ ಹೊಡೆದವರಲ್ಲ, ಆದರೂ ಹೆದರಿದೆ. ಆಮೇಲೆ, ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವರಲ್ಲ ಎಂದು ಹೆದರಿದೆ. ದಿನ ಕಳೆದಷ್ಟೂ ಆ ಎರಡನೆಯ ಹೆದರಿಕೆ ಬೆಳೆಯುತ್ತ ಹೋಯಿತು. ನಾನೀಗ ಶಾಲೆಯ ಮೇಡಂ. ಸುಳ್ಳು ಹೇಳಬಾರದು ಎಂದು ಬೋರ್ಡಿನ ಮೇಲೆ ಬರೆಯುವ ಕೈ ಇದೇ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಗೋಣಿಕೊಪ್ಪದಲ್ಲಿ ನಮ್ಮ ಜೊತೆಗೇ ಇದ್ದಾರೆ. ಹೋದ ತಿಂಗಳು ಪಕ್ಕದ ಮನೆಯ ಮಂದಣ್ಣ ಒಂದು ಹೊಸ ಜೀಪು ಕೊಂಡ. ಈಗ ನಮ್ಮ ಹಳೆಯ ಎಸ್ಟೇಟಿನವರೆಗೂ ಕಾಂಕ್ರೀಟು ರಸ್ತೆ, ಮೇಲೆ ಹೋಂಸ್ಟೇ. ಆದರೂ ಜನ ರಜೆ ಹಾಕಿ, ದೂರದಿಂದ ಬಂದು, ರಸ್ತೆಯಿಲ್ಲದ ಕಡೆ ಹುಡುಕಿಕೊಂಡು ಹೋಗಿ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಮಂದಣ್ಣನಿಗೂ ಅದೇ ಹುಚ್ಚು. ಸಂಜೆ ಬಂದು ಅಪ್ಪನ ಪಕ್ಕ ಕೂತ.

"ಅಜ್ಜ, ನೀವು ಹಳೆ ಹುಲಿ ಅಲ್ವಾ. ಕಾಡಿಗೆ ಹೋಗುವಾಗ ಗಾಡಿಯಲ್ಲಿ ಎಂತೆಲ್ಲ ಇರ್ಬೇಕು, ಹೇಳಿ ನೋಡುವ. ಫೋನಲ್ಲಿ ಬರ್ಕೊಳ್ತೇನೆ."

ಅಪ್ಪ ಕಣ್ಣು ಮುಚ್ಚಿದರು. ಜಾಕಿ ಎಂದರು. ಸಲಾಕೆ ಎಂದರು. ಅದೇ ಸಾಲು, ಅದೇ ಏರಿಳಿತ, ಒಂದು ಸಾಮಾನೂ ಹಿಂದುಮುಂದಾಗಲಿಲ್ಲ. ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ನಾನು ಪ್ರತಿ ಹೆಸರಿಗೂ ಒಳಗೊಳಗೇ ಐತೆ ಎನ್ನುತ್ತಿದ್ದೆ. ಇಷ್ಟೆಲ್ಲ ನೆನಪಿರುವ ಮನುಷ್ಯನನ್ನು ಮರೆವಿನವನು ಎಂದು ನಂಬಿಸಿದವಳು ನಾನು.

"ಕಡೇದಾಗಿ ಹಲಗೆ," ಎಂದರು ಅಪ್ಪ. ಮೂರು ಬೆರಳಿನ ಕೈಯನ್ನು ಮಂದಣ್ಣನ ಮುಂದೆ ಹಿಡಿದರು. "ಇಟ್ಟೀನಿ ಅನ್ಕೊಂಡು ಹೊರಡ್ಬ್ಯಾಡ ಮಗ. ಮುಟ್ಟಿ ನೋಡ್ಕೊ. ನಾನು ಮರ್ತಿದ್ದೆ."

ಮಂದಣ್ಣ ಹೋದ ಮೇಲೆ ಹಿಟ್ಟಿನ ಕೈಯಲ್ಲೇ ಬಂದು ಅಪ್ಪನ ಕಾಲ ಹತ್ತಿರ ಕೂತೆ. ಎಲ್ಲ ಹೇಳಿದೆ. ಉಯ್ಯಾಲೆ, ಗಂಟು, ಎರಡು ಸಲ ಹೇಳಿದ ಸುಳ್ಳು. ಮುಗಿದ ಮೇಲೆ ಅಪ್ಪ ಕೇಳಿದರು.

"ಎಲ್ಲೈತೆ ಈಗ ಅದು?"

"ಸುಟ್ಟೆ ಅಪ್ಪ. ನೀವು ಆಸ್ಪತ್ರೆಯಿಂದ ಬಂದ ದಿನ ಬಚ್ಚಲ ಒಲೆಗೆ ಹಾಕಿದೆ."

"ಹಂಗಾರೆ ನಾನು ಮರ್ತಿರ್ಲಿಲ್ಲ," ಎಂದರು. ಮತ್ತೆ ಅದನ್ನೇ ಅಂದರು. ಮೂರನೇ ಸಲವೂ ಅಂದರು. "ಬೆರಳು ಹೋಗ್ಲಿ ಬಿಡು. ಬೆರಳು ಯಾವ ದೊಡ್ಡ ಮಾತು. ಇಷ್ಟ್ ವರ್ಷ ನನ್ನನ್ನ ನಾನೇ ನಂಬ್ಲಿಲ್ವಲ್ಲ ಪುಟ್ಟಿ."

ಬೈಯಲಿಲ್ಲ. ರಾತ್ರಿ ಊಟಕ್ಕೆ ಕೂತರು, ಎದುರಿಗೇ ಕೂತು ರೊಟ್ಟಿ ತಿಂದರು, ನನ್ನ ಮುಖ ನೋಡಲಿಲ್ಲ.

ಮಾರನೆಯ ದಿನ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಮನೆಯಲ್ಲಿ ನಾವಿಬ್ಬರೇ. ಅಪ್ಪನೇ ಬೀಗ ಹಾಕಿದರು. ಮೆಟ್ಟಿಲಿಳಿದು ಗೇಟಿನವರೆಗೆ ನಡೆದರು. ನಾನು ನೋಡುತ್ತಿದ್ದೆ. ಇವತ್ತು ಹಿಂದೆ ತಿರುಗುವುದಿಲ್ಲ, ಸತ್ಯ ಗೊತ್ತಾಯಿತಲ್ಲ, ಇನ್ನು ಅವರಿಗೆ ಬಿಡುಗಡೆ ಎಂದು ನನ್ನ ಆಸೆ. ಗೇಟಿನ ಹತ್ತಿರ ಅಪ್ಪ ನಿಂತರು. ಹಿಂದೆ ಬರಲಿಲ್ಲ. ಬಾಗಿಲ ಬಳಿ ಇನ್ನೂ ನಿಂತಿದ್ದ ನನ್ನ ಕಡೆ ತಿರುಗಿ, ಎಷ್ಟೋ ವರ್ಷಗಳ ಮೇಲೆ ಆ ಹಳೆಯ ದನಿಯಲ್ಲಿ ಕೂಗಿದರು.

"ಬೀಗ?"

ಕೈ ಚಾಚಿ ಬೀಗ ಹಿಡಿದೆ. ಎಳೆದು ನೋಡಿದೆ. ತಣ್ಣಗೆ, ಭದ್ರವಾಗಿ ಕೈಯೊಳಗಿತ್ತು.

"ಐತೆ ಅಪ್ಪ."

ಅಪ್ಪ ತಲೆಯಾಡಿಸಿದರು. ಗೇಟು ತೆಗೆದು ರಸ್ತೆಗೆ ಎರಡು ಹೆಜ್ಜೆ ಇಟ್ಟರು. ಆಮೇಲೆ ನಿಂತು, ನಿಧಾನವಾಗಿ ಹಿಂದೆ ಬಂದು, ಮೆಟ್ಟಿಲು ಹತ್ತಿ, ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬೀಗವನ್ನು ತಾವೇ ಒಂದು ಸಲ ಎಳೆದು ನೋಡಿದರು.